5,400 ಆರ್‌ಪಿಎಂನ ಕೂಗು: ಕಾಂತಬಲ ಸ್ಟೇಟರ್‌ಗೆ ದಾಟುವಷ್ಟರಲ್ಲಿ ಹೋದ ಹನ್ನೊಂದು ವಾರ

ಗಣೇಶನ ಹಬ್ಬಕ್ಕೆ ಇನ್ನೊಂದು ವಾರ ಇತ್ತು. ಪೀಣ್ಯದ ನಮ್ಮ ಕಾರ್ಖಾನೆಯ ಟೆಸ್ಟ್ ಬೆಂಚಿನ ಮೇಲೆ ಎಲೆಕ್ಟ್ರಿಕ್ ಆಟೋಗೆಂದು ಮಾಡಿದ ಹೊಸ ಮೋಟಾರ್ ಓಡುತ್ತಿತ್ತು. 5,000 ಆರ್‌ಪಿಎಂ ದಾಟುವವರೆಗೆ ಹೇಳಿಕೊಳ್ಳುವಂಥ ಸದ್ದೇ ಇಲ್ಲ. 5,400ರ ಹತ್ತಿರ ಬಂದ ಕೂಡಲೇ ಕಿವಿ ಕೊರೆಯುವ ಕೂಗು. ಇನ್ನೂ ಮುನ್ನೂರು ಹೆಚ್ಚಿಸಿದರೆ ಮತ್ತೆ ಕಡಿಮೆ. ಬೆಂಚು ನೋಡಿಕೊಳ್ಳುವ ಹಿರಿಯ ಟೆಕ್ನಿಶಿಯನ್ ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಹೌಸಿಂಗ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಸ್ವಲ್ಪ ಹೊತ್ತು ಕೇಳಿದರು. "ಬೇರಿಂಗ್ ಅಲ್ಲ ಮೇಡಂ ಇದು. ಬಾಡಿನೇ ಕೂಗ್ತಿದೆ" ಅಂದರು.

ಅವರು ಹೇಳಿದ್ದು ಸರಿ ಅಂತ ಲೆಕ್ಕದಲ್ಲಿ ತೋರಿಸೋಕೆ ನನಗೆ ಹನ್ನೊಂದು ವಾರ ಬೇಕಾಯಿತು. ಆ ಹನ್ನೊಂದು ವಾರದಲ್ಲಿ ಏಳೆಂಟು ವಾರ ಉಳಿಸಬಹುದಿತ್ತು. ಕಾಂತಬಲದ ಲೆಕ್ಕ ಮತ್ತು ಕಂಪನದ ಲೆಕ್ಕ ಎರಡನ್ನೂ ಜೋಡಿಸುವ ಕೆಲಸಕ್ಕೆ ಇಳಿದವರು ಇದನ್ನು ಓದಿದರೆ ಅವರಿಗಾದರೂ ಆ ವಾರಗಳು ಉಳಿಯಲಿ ಅಂತ ಎಲ್ಲವನ್ನೂ ಆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಮೋಟಾರಿನ ಬಗ್ಗೆ ಎರಡು ಮಾತು. ಹೊರಗೆ ನಿಂತಿರುವ ಉಂಗುರ ಸ್ಟೇಟರ್, ಒಳಗೆ ತಿರುಗುವುದು ರೋಟರ್, ಎರಡರ ನಡುವಿನ ಕಿರಿದಾದ ಸಂದು ಏರ್‌ಗ್ಯಾಪ್. ಸ್ಟೇಟರ್‌ಗೆ 12 ಸ್ಲಾಟು (ಹಲ್ಲುಗಳ ನಡುವೆ ತಂತಿ ಕೂರುವ ಜಾಗ), ರೋಟರ್‌ಗೆ 10 ಪೋಲು (ಆಯಸ್ಕಾಂತದ ಧ್ರುವ). ತಿರುಗುವ ಆಯಸ್ಕಾಂತಗಳು ಸ್ಟೇಟರ್‌ನ ಹಲ್ಲುಗಳನ್ನು ಒಳಕ್ಕೆ ಎಳೆಯುತ್ತವೆ. ಈ ಎಳೆತ ಸಣ್ಣದಲ್ಲ. ಏರ್‌ಗ್ಯಾಪ್‌ನಲ್ಲಿ ಕ್ಷೇತ್ರ 0.8 ಟೆಸ್ಲಾ ಇದ್ದರೆ ಪ್ರತಿ ಚದರ ಸೆಂಟಿಮೀಟರ್‌ಗೆ ಸುಮಾರು 25 ನ್ಯೂಟನ್, ಅಂದರೆ ಎರಡೂವರೆ ಕೆಜಿ ತೂಗುಹಾಕಿದಷ್ಟು. 12-10ರ ಜೋಡಿಯಲ್ಲಿ ಎಳೆತ ಸುತ್ತಲೂ ಒಂದೇ ಸಮ ಇರುವುದಿಲ್ಲ. ಎದುರುಬದುರಿನ ಎರಡು ಕಡೆ ಜಾಸ್ತಿ, ನಡುವಿನ ಎರಡು ಕಡೆ ಕಡಿಮೆ. ಹಾಗಾಗಿ ಉಂಗುರದಂಥ ಸ್ಟೇಟರ್ ಮೊಟ್ಟೆಯ ಆಕಾರಕ್ಕೆ ಬರುತ್ತದೆ, ಆ ಮೊಟ್ಟೆ ಸುತ್ತುತ್ತಲೂ ಇರುತ್ತದೆ. 5,400 ಆರ್‌ಪಿಎಂ ಅಂದರೆ ಸೆಕೆಂಡಿಗೆ 90 ಸುತ್ತು. ಐದು ಜೋಡಿ ಪೋಲು ಇರುವುದರಿಂದ ಕರೆಂಟಿನ ಆವರ್ತನ 450 ಹರ್ಟ್ಜ್. ಬಲ ಅದರ ಎರಡರಷ್ಟು ವೇಗದಲ್ಲಿ ಬಡಿಯುತ್ತದೆ, 900 ಹರ್ಟ್ಜ್. ಸ್ಟೇಟರ್‌ಗೆ ಮೊಟ್ಟೆಯಾಕಾರದಲ್ಲಿ ಕಂಪಿಸುವ ಸ್ವಂತ ಆವರ್ತನವೂ 900ರ ಹತ್ತಿರ ಇದ್ದರೆ ಕೂಗು ಬರಲೇಬೇಕು. ಇಷ್ಟು ಊಹೆ ಮೊದಲ ದಿನವೇ ಇತ್ತು. ಅದನ್ನು ಸಿಮ್ಯುಲೇಶನ್‌ನಲ್ಲಿ ತೋರಿಸಿ, ಎಷ್ಟು ದಪ್ಪ ಮಾಡಿದರೆ ಸರಿಹೋಗುತ್ತದೆ ಅಂತ ಹೇಳಬೇಕಿತ್ತು.

ಸುಲಭ ಅಂತ ಕಂಪನದ ಭಾಗದಿಂದ ಶುರು ಮಾಡಿದೆ. ಸ್ಟೇಟರ್‌ನ ಮೊಟ್ಟೆಯಾಕಾರದ ಮೋಡ್ (ಆ ಆಕಾರದಲ್ಲಿ ತಾನಾಗಿ ಕಂಪಿಸುವ ಆವರ್ತನ) 34 ಹರ್ಟ್ಜ್ ಅಂತ ಬಂತು. ಹದಿಮೂರು ಸೆಂಟಿಮೀಟರ್ ಅಗಲದ ಉಕ್ಕಿನ ಉಂಗುರ ಅಷ್ಟು ನಿಧಾನ ಅಲುಗಲು ಸಾಧ್ಯವೇ ಇಲ್ಲ. ಯೋಕ್ (ಹಲ್ಲುಗಳ ಹಿಂದಿನ ಉಂಗುರ) ದಪ್ಪ 8 ಮಿ.ಮೀ., ನಡು ತ್ರಿಜ್ಯ 60 ಮಿ.ಮೀ. ಬರೀ ಉಂಗುರದ ಸೂತ್ರದಲ್ಲಿ ಕೈಲೆಕ್ಕ ಮಾಡಿದರೆ 1,400ರ ಆಸುಪಾಸು ಬರುತ್ತದೆ. ಹಲ್ಲು, ವೈಂಡಿಂಗ್ (ತಾಮ್ರದ ತಂತಿಯ ಸುರುಳಿ) ತೂಕ ಸೇರಿದರೆ ಇಳಿಯುತ್ತದೆ, ಆದರೆ 34ಕ್ಕೆ ಅಲ್ಲ. ಎರಡು ದಿನ ಬೌಂಡರಿ ಕಂಡಿಶನ್‌ಗಳನ್ನು, ಅಂದರೆ ಮಾಡೆಲನ್ನು ಎಲ್ಲಿ ಹೇಗೆ ಹಿಡಿದಿಟ್ಟಿದ್ದೇನೆ ಅನ್ನುವುದನ್ನು, ಕೆದಕಿದೆ. ಕೊನೆಗೆ ಸಿಕ್ಕಿದ್ದು ಸಾಂದ್ರತೆಯ ಖಾನೆಯಲ್ಲಿ. ಮಾಡೆಲ್ ಮಿಲಿಮೀಟರ್‌ನಲ್ಲಿತ್ತು, ಬಲ ನ್ಯೂಟನ್‌ನಲ್ಲಿ. ಆಗ ದ್ರವ್ಯರಾಶಿ ಟನ್‌ನಲ್ಲಿ ಇರಬೇಕು, ಉಕ್ಕಿನ ಸಾಂದ್ರತೆ 7.85 × 10⁻⁹. ನಾನು ಕೆಜಿ ಲೆಕ್ಕದಲ್ಲಿ 7.85 × 10⁻⁶ ಹಾಕಿದ್ದೆ. ಸಾವಿರ ಪಟ್ಟು ಭಾರ, ಹಾಗಾಗಿ ಆವರ್ತನ ಸಾವಿರದ ವರ್ಗಮೂಲದಷ್ಟು, ಅಂದರೆ 31.6 ಪಟ್ಟು ಕಡಿಮೆ. ಸರಿಮಾಡಿದ ಮೇಲೆ 1,090 ಬಂತು. ವೈಂಡಿಂಗ್‌ನ ತೂಕವನ್ನು ಹಲ್ಲುಗಳ ಮೇಲೆ ಹೊರಿಸಿದ ಮೇಲೆ 915. ತಾಮ್ರ ಬಿಗಿತಕ್ಕೆ ಹೆಚ್ಚೇನೂ ಕೊಡುವುದಿಲ್ಲ, ತೂಕವನ್ನು ಮಾತ್ರ ಕೊಡುತ್ತದೆ.

ನಿಮ್ಮ ಉತ್ತರ ನಿರೀಕ್ಷೆಗಿಂತ ಸುಮಾರು 32 ಪಟ್ಟು ತಪ್ಪಿದ್ದರೆ ಬೇರೆಲ್ಲೂ ನೋಡಬೇಡಿ, ನೇರ ಸಾಂದ್ರತೆಗೆ ಹೋಗಿ. ಇನ್ನೊಂದು ಮಾತು, ಯಾವ ಕಟ್ಟೂ ಇಲ್ಲದೆ ಬಿಟ್ಟ ವಸ್ತುವಿಗೆ ಮೊದಲ ಆರು ಮೋಡ್ ಸೊನ್ನೆಯ ಹತ್ತಿರ ಬರಬೇಕು. ಐದೇ ಬಂದರೆ ಎಲ್ಲೋ ಹಿಡಿದಿಟ್ಟಿದ್ದೀರಿ, ಆರಕ್ಕಿಂತ ಹೆಚ್ಚು ಬಂದರೆ ಯಾವುದೋ ಭಾಗ ಅಂಟದೆ ಬಿಡಿಯಾಗಿ ತೇಲುತ್ತಿದೆ ಅಂತ ಅರ್ಥ.

ಆಮೇಲೆ ಕಾಂತಬಲ. ನಮ್ಮಲ್ಲಿ ಸಾಲ್ವರ್‌ಗೆ (ಲೆಕ್ಕ ಬಿಡಿಸುವ ಸಾಫ್ಟ್‌ವೇರ್‌ಗೆ) ಒಂದೇ ಲೈಸೆನ್ಸ್, ಮೂರು ಜನ ಹಂಚಿಕೊಳ್ಳಬೇಕು. ಹಗಲು ಸಿಗುತ್ತಿರಲಿಲ್ಲ. ರಾತ್ರಿ ಎಂಟಕ್ಕೆ ಹಚ್ಚಿ ಬೆಳಿಗ್ಗೆ ನೋಡುವುದು. ಒಂದು ತಪ್ಪಿಗೆ ಒಂದು ದಿನ ದಂಡ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಮೊದಲ ಬಲದ ಫಲಿತಾಂಶದಲ್ಲಿ 900 ಹರ್ಟ್ಜ್ ಇರಲೇ ಇಲ್ಲ. 800ರಲ್ಲಿ ಒಂದು ಕಂಬ, 1,000ದಲ್ಲಿ ಇನ್ನೊಂದು. ನನ್ನ ಊಹೆಯೇ ತಪ್ಪು ಅಂತ ಒಂದು ಸಂಜೆಯೆಲ್ಲ ಬೇಜಾರು. ಕಾರಣ ತುಂಬಾ ಸರಳವಾಗಿತ್ತು. ನಾನು ಮಾಡೆಲ್‌ನಲ್ಲಿ ಮೋಟಾರನ್ನು 5 ಮಿಲಿಸೆಕೆಂಡ್ ಓಡಿಸಿ ಎಫ್‌ಎಫ್‌ಟಿ (ಬಲವನ್ನು ಅದರ ಆವರ್ತನಗಳಾಗಿ ಬಿಡಿಸುವ ಲೆಕ್ಕ) ಮಾಡಿದ್ದೆ. 5 ಮಿಲಿಸೆಕೆಂಡಿನ ತುಣುಕಿಗೆ ಎಫ್‌ಎಫ್‌ಟಿ 200 ಹರ್ಟ್ಜ್‌ಗೆ ಒಂದು ಮೆಟ್ಟಿಲು ಕೊಡುತ್ತದೆ. 800 ಇದೆ, 1,000 ಇದೆ, 900ಕ್ಕೆ ನಿಲ್ಲಲು ಮೆಟ್ಟಿಲೇ ಇಲ್ಲ. ಪಾಪ ಅದು ಎರಡು ಕಡೆಗೂ ಚೆಲ್ಲಿಹೋಗಿತ್ತು. ಕರೆಂಟಿನ ಒಂದು ಆವರ್ತ 2.222 ಮಿಲಿಸೆಕೆಂಡ್. ಅದನ್ನು ಸರಿಯಾಗಿ 128 ಹೆಜ್ಜೆಗಳಾಗಿ ಮಾಡಿ, ಶುರುವಿನ ಎರಡು ಆವರ್ತ ಬಿಟ್ಟು, ಪೂರ್ತಿ ಆವರ್ತಗಳನ್ನೇ ತೆಗೆದುಕೊಂಡೆ. 900ರಲ್ಲಿ ಒಂದೇ ಚೂಪಾದ ಕಂಬ ನಿಂತಿತು. ಟೈಮ್ ಸ್ಟೆಪ್ಪನ್ನು 20 ಮೈಕ್ರೋಸೆಕೆಂಡ್ ಅಂತ ದುಂಡನೆಯ ಸಂಖ್ಯೆಯಲ್ಲಿ ಕೊಡುವ ಅಭ್ಯಾಸ ಬಿಟ್ಟುಬಿಡಿ. ಆವರ್ತವನ್ನು ಭಾಗಿಸಿ ಕೊಡಿ.

ಮುಂದಿನದು ಬಲವನ್ನು ದಾಟಿಸುವ ಕೆಲಸ, ಒಂದು ಮೆಶ್‌ನಿಂದ (ಮಾಡೆಲನ್ನು ಸಣ್ಣ ತುಣುಕುಗಳಾಗಿ ಒಡೆದ ಬಲೆಯಿಂದ) ಇನ್ನೊಂದಕ್ಕೆ. ಕಾಂತದ ಮಾಡೆಲ್‌ನಲ್ಲಿ ಸೊನ್ನೆ ಡಿಗ್ರಿಯಲ್ಲಿ ಹಲ್ಲಿನ ನಡುಮಧ್ಯ ಇತ್ತು. ರಚನೆಯ ಮಾಡೆಲ್ ಬೇರೆಯವರು ಬರೆದ ಕ್ಯಾಡ್‌ನಿಂದ ಬಂದದ್ದು, ಅದರಲ್ಲಿ ಸೊನ್ನೆ ಡಿಗ್ರಿಯಲ್ಲಿ ಸ್ಲಾಟ್. 12 ಸ್ಲಾಟಿಗೆ 30 ಡಿಗ್ರಿ ಅಂತರ, ಹಾಗಾಗಿ ಎರಡೂ 15 ಡಿಗ್ರಿ ಆಚೀಚೆ. ಬಲವೆಲ್ಲ ಸ್ಲಾಟಿನ ಬಾಯಿಗೆ ಹೋಗಿ, ಅಲ್ಲಿ ಲೋಹ ಸಿಗದೆ, ಹತ್ತಿರದ ಅಂಚುಗಳಿಗೆ ಬಿದ್ದಿತ್ತು. ಬಣ್ಣದ ಚಿತ್ರ ನೋಡಿದ ಕೂಡಲೇ ಗೊತ್ತಾಯಿತು. ಇದಕ್ಕೆ ಅರ್ಧ ದಿನ ಮಾತ್ರ ಹೋಯಿತು.

ಈಗ ಎಲ್ಲ ಸರಿಯಾಯಿತು ಅಂತ ಸಮಾಧಾನದಿಂದ ಓಡಿಸಿದೆ. ಅನುರಣನದಲ್ಲಿ, ಅಂದರೆ ಬಲದ ಆವರ್ತನ ಸ್ಟೇಟರ್‌ನ ಸ್ವಂತ ಆವರ್ತನಕ್ಕೆ ಕೂಡಿದಾಗ, ಸ್ಟೇಟರ್‌ನ ಕಂಪನ 1.2 ಮಿ.ಮೀ. ಅಂತ ಬಂತು. ಏರ್‌ಗ್ಯಾಪ್ ಇರುವುದೇ 1 ಮಿ.ಮೀ. ಅಂದರೆ ಸ್ಟೇಟರ್ ರೋಟರ್‌ನ ಒಳಗೇ ನುಗ್ಗಿದಂತೆ. ಬೆಂಚಿನ ಮೇಲಿನ ಮೋಟಾರ್ ಮಾತ್ರ ಆರಾಮಾಗಿ ತಿರುಗುತ್ತಿತ್ತು, ಉಜ್ಜಿದ ಗುರುತೂ ಇಲ್ಲ.

ಇಲ್ಲಿಂದಲೇ ನಾನು ದಾರಿ ತಪ್ಪಿದ್ದು. ಮೀಟಿಂಗ್‌ನಲ್ಲಿ ಚರ್ಚೆಯಾಯಿತು. "ಗ್ಯಾಪ್ ಇಷ್ಟು ಬದಲಾದರೆ ಬಲವೂ ಬದಲಾಗುತ್ತಲ್ವಾ? ಒನ್-ವೇ ಲೆಕ್ಕ ಸಾಲದು, ಟೂ-ವೇ ಮಾಡಬೇಕು" ಅಂತ ತೀರ್ಮಾನ. ಕೇಳಿದರೆ ಸರಿ ಅನ್ನಿಸುವ ಮಾತೇ. ಒನ್-ವೇನಲ್ಲಿ ಬಲವನ್ನು ಒಮ್ಮೆ ಲೆಕ್ಕ ಹಾಕಿ ರಚನೆಗೆ ಕೊಟ್ಟು ಸುಮ್ಮನಾಗುತ್ತೇವೆ. ಟೂ-ವೇನಲ್ಲಿ ಬಾಗಿದ ಆಕಾರವನ್ನು ಮತ್ತೆ ಕಾಂತದ ಕಡೆಗೆ ಕಳಿಸಿ, ಹೊಸ ಬಲ ತಂದು, ಎರಡೂ ಒಪ್ಪುವವರೆಗೆ ತಿರುಗಿಸಬೇಕು. ಮೈಕ್ರಾನ್ ಗಾತ್ರದ ಸ್ಥಾಯೀವಿದ್ಯುತ್ ಸ್ವಿಚ್‌ಗಳಿಗೆ ಇದು ಬೇಕೇ ಬೇಕು. ಅಲ್ಲಿ ಸಮಾನಾಂತರ ತಟ್ಟೆ ಗ್ಯಾಪಿನ ಮೂರನೇ ಒಂದು ಭಾಗ ಸರಿದರೆ ಸಾಕು, ಸ್ಪ್ರಿಂಗ್ ಸೋತು ತಟ್ಟೆ ಪಟಕ್ಕನೆ ಅಂಟಿಕೊಳ್ಳುತ್ತದೆ. ನಮ್ಮ ಮೋಟಾರಿನದು ಆ ಜಾತಿಯ ಕಾಯಿಲೆ ಆಗಿರಲಿಲ್ಲ. ಅದು ಆಗ ಹೊಳೆಯಲಿಲ್ಲ.

ಮೂರು ವಾರ ಟೂ-ವೇ ಹಿಂದೆ ಬಿದ್ದೆ. ಏರ್‌ಗ್ಯಾಪ್‌ನ ಗಾಳಿಗೂ ಮೆಶ್ ಇರುತ್ತದೆ. ಸ್ಟೇಟರ್ ಒಳಬಾಗಿದಾಗ ಆ ತೆಳು ಮೆಶ್ ನುಜ್ಜುಗುಜ್ಜಾಗಿ, ತ್ರಿಕೋನಗಳು ಮಗುಚಿ, ಸಾಲ್ವರ್ ನಿಂತುಬಿಡುತ್ತಿತ್ತು. ಪದರ ಹೆಚ್ಚಿಸಿದೆ, ಹೆಜ್ಜೆ ಕಿರಿದು ಮಾಡಿದೆ, ಗಾಳಿಯ ಮೆಶ್‌ಗೆ ಹುಸಿ ಬಿಗಿತ ಕೊಟ್ಟೆ. ನಮ್ಮ ಮೆಶಿನ್ ಸಾಲದೆ ಕ್ಲೌಡ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡೆವು, ಅದಕ್ಕೆ 23 ಸಾವಿರ ರೂಪಾಯಿ ಹೋಯಿತು. ಸಾಫ್ಟ್‌ವೇರ್ ಕಂಪನಿಯ ಸಪೋರ್ಟ್‌ಗೆ ಬರೆದರೆ ಪೂರ್ತಿ ಮಾಡೆಲ್ ಕಳಿಸಿ ಅಂದರು. ಮಾಡೆಲ್ ಗ್ರಾಹಕರದ್ದು, ಗುಟ್ಟು ಕಾಯುವ ಒಪ್ಪಂದ ಇದೆ. ಅವರ ಒಪ್ಪಿಗೆ ಪತ್ರ, ನಮ್ಮ ಡೈರೆಕ್ಟರ್ ಸಹಿ, ಮತ್ತೆ ಅವರ ಕಾನೂನು ವಿಭಾಗ, ಹೀಗೆ ಒಂಬತ್ತು ದಿನ. ಈ ಕೆಲಸ ಶುರು ಮಾಡುವ ದಿನವೇ ನಿಜವಾದ ಅಳತೆಗಳಿಲ್ಲದ ಒಂದು ಡಮ್ಮಿ ಮೋಟಾರನ್ನು ಬರೆದಿಟ್ಟುಕೊಳ್ಳಿ. ಕೇಳಿದ ತಕ್ಷಣ ಕಳಿಸಬಹುದು. ಅದರ ಜೊತೆ ಲಾಗ್ ಫೈಲ್, ವರ್ಷನ್ ನಂಬರ್, ಯಾವ ಹೆಜ್ಜೆಯಲ್ಲಿ ನಿಂತಿತು ಅನ್ನುವ ಒಂದು ಸ್ಕ್ರೀನ್‌ಶಾಟ್. ಇಷ್ಟಿದ್ದರೆ ಒಂದು ಸುತ್ತಿನ ಪತ್ರವ್ಯವಹಾರ ಕಡಿಮೆಯಾಗುತ್ತದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಮೂರು ದಿನದಿಂದ ಓಡುತ್ತಿದ್ದ ಒಂದು ರನ್ ನಮ್ಮ ಆಫೀಸ್ ವರ್ಕ್‌ಸ್ಟೇಶನ್‌ನಲ್ಲಿ ಇತ್ತು. ಮೆಶಿನ್‌ಗಳನ್ನೆಲ್ಲ ತೊಳೆದು, ಒರೆಸಿ, ಹೂವು ಹಾಕುವ ಮುಂಚೆ ಪದ್ಧತಿಯಂತೆ ಮೇನ್ ಆಫ್ ಮಾಡಿದ್ದಾರೆ. ನಾನು ಯಾರಿಗೂ ಹೇಳಿರಲಿಲ್ಲ, ರೀಸ್ಟಾರ್ಟ್ ಫೈಲ್ ಉಳಿಸುವ ಆಯ್ಕೆಯನ್ನೂ ಹಾಕಿರಲಿಲ್ಲ. ಕುಂಬಳಕಾಯಿ ಒಡೆದು, ಮಂಗಳಾರತಿ ಆಗಿ, ಪ್ರಸಾದ ತೆಗೆದುಕೊಂಡು ನನ್ನ ಟೇಬಲ್‌ಗೆ ಬಂದರೆ ಮಾನಿಟರ್‌ಗೆ ಕುಂಕುಮ ಹಚ್ಚಿದ್ದಾರೆ, ಪರದೆ ಕಪ್ಪು. ಆ ಕ್ಷಣ ಅಳು ಬಂದಿದ್ದು ನಿಜ. ಮೂರು ದಿನದ ರನ್ ಹೋಯಿತು ಅನ್ನೋದಕ್ಕಿಂತ, ಅದು ಮುಗಿದಿದ್ದರೂ ನನಗೆ ಏನೂ ಹೇಳುತ್ತಿರಲಿಲ್ಲ ಅಂತ ಒಳಗೆ ಗೊತ್ತಿತ್ತು.

ವಿಜಯದಶಮಿ ರಜೆಯಲ್ಲಿ ಮನೆಯಲ್ಲೇ ಕೂತು ಬುಡದಿಂದ ಶುರು ಮಾಡಿದೆ. ಮೋಟಾರ್ ಮರೆತುಬಿಟ್ಟೆ. ಎರಡು ತಾಮ್ರದ ಸರಳು, ಅಷ್ಟೇ. ಒಂದೊಂದೂ 10 ಮಿ.ಮೀ. ವ್ಯಾಸ, 40 ಸೆಂ.ಮೀ. ಉದ್ದ, ನಡುವೆ 10 ಸೆಂ.ಮೀ. ಅಂತರ, ಎರಡೂ ತುದಿ ಬಿಗಿ, ಎರಡರಲ್ಲೂ 10,000 ಆಂಪಿಯರ್. ಶಾರ್ಟ್ ಸರ್ಕ್ಯೂಟ್ ಆದಾಗಿನಂಥ ಕರೆಂಟು. ಇದರ ಉತ್ತರ ಯಾವ ಸಾಫ್ಟ್‌ವೇರನ್ನೂ ಕೇಳಬೇಕಿಲ್ಲ. ಒಂದು ಮೀಟರ್ ದೂರದಲ್ಲಿರುವ ಎರಡು ಉದ್ದ ತಂತಿಗಳಲ್ಲಿ ಒಂದೊಂದು ಆಂಪಿಯರ್ ಹರಿದರೆ ಮೀಟರ್ ಉದ್ದಕ್ಕೆ 2 × 10⁻⁷ ನ್ಯೂಟನ್ ಬಲ. 2019ರವರೆಗೆ ಆಂಪಿಯರ್‌ನ ವ್ಯಾಖ್ಯೆಯೇ ಇದಾಗಿತ್ತು, ಪಿಯುಸಿಯಲ್ಲಿ ನಾವೆಲ್ಲ ಬರೆದದ್ದು. ಆ ಲೆಕ್ಕದಲ್ಲಿ ನನ್ನ ಸರಳುಗಳಿಗೆ ಮೀಟರ್‌ಗೆ 200 ನ್ಯೂಟನ್. 40 ಸೆಂ.ಮೀ.ಗೆ 80. ಬಿಗಿದ ತೊಲೆಯ ಸೂತ್ರದಲ್ಲಿ ನಡುವಿನ ಬಾಗು ಸುಮಾರು 0.25 ಮಿ.ಮೀ.

ಲ್ಯಾಪ್‌ಟಾಪ್‌ನಲ್ಲಿ ಮೊದಲು ಫೆಮ್ (FEMM) ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಹಾಕಿದೆ. ಡೇವಿಡ್ ಮೀಕರ್ ಬರೆದದ್ದು, ಎರಡು ಆಯಾಮದ ಕಾಂತಕ್ಷೇತ್ರಕ್ಕೆ ಬಹಳ ಚೆನ್ನಾಗಿದೆ. ಅದರಲ್ಲಿ ಆಳ 400 ಮಿ.ಮೀ. ಅಂತ ತುಂಬಿಸಿದೆ, 80ರ ಹತ್ತಿರವೇ ಬಂತು. ಆಫೀಸಿನ ಸಾಫ್ಟ್‌ವೇರ್‌ಗೆ ಲಾಗಿನ್ ಆಗಿ, ಮೋಟಾರಿಗೆ ಇಟ್ಟಿದ್ದ ಸೆಟ್ಟಿಂಗ್‌ಗಳಲ್ಲೇ ಅದೇ ಸರಳುಗಳನ್ನು ಓಡಿಸಿದೆ. 200 ಬಂತು. ಬಾಗು ಕೂಡ ಅದೇ ಅನುಪಾತದಲ್ಲಿ ಜಾಸ್ತಿ.

80 ಬರಬೇಕಾದಲ್ಲಿ 200. ಎರಡೂವರೆ ಪಟ್ಟು. 1 ಮೀಟರನ್ನು 0.4ರಿಂದ ಭಾಗಿಸಿದರೆ ಎರಡೂವರೆ.

ಪೆನ್ನು ಕೆಳಗಿಟ್ಟು ಸುಮ್ನೆ ಕೂತೆ. ಕಾಂತದ ಮಾಡೆಲ್ ಎರಡು ಆಯಾಮದ್ದು, ಮಾಡೆಲ್‌ನ ಆಳದ ಖಾನೆಯಲ್ಲಿ 1 ಮೀಟರ್ ಹಾಗೆಯೇ ಬಿಟ್ಟಿದ್ದೆ. ಮೋಟಾರಿನ ಸ್ಟ್ಯಾಕ್ (ಒಂದರ ಮೇಲೊಂದು ಜೋಡಿಸಿದ ತಗಡುಗಳ) ಉದ್ದ 40 ಮಿಲಿಮೀಟರ್. ಒಂದು ಮೀಟರ್ ಉದ್ದದ ಮೋಟಾರಿನ ಬಲವನ್ನು 40 ಮಿ.ಮೀ. ಸ್ಟೇಟರ್‌ನ ಮೇಲೆ ಹೇರಿದ್ದೆ, 25 ಪಟ್ಟು. 1.2 ಮಿ.ಮೀ.ಯನ್ನು 25ರಿಂದ ಭಾಗಿಸಿದರೆ 48 ಮೈಕ್ರಾನ್. 1 ಮಿ.ಮೀ. ಗ್ಯಾಪಿಗೆ ಅದು ಐದು ಪರ್ಸೆಂಟೂ ಅಲ್ಲ. ಟೂ-ವೇ ಬೇಕಾಗಿಯೇ ಇರಲಿಲ್ಲ.

ಇದು ಮೊದಲೇ ಯಾಕೆ ಸಿಗಲಿಲ್ಲ ಅಂತ ನೀವು ಕೇಳಬಹುದು. ದಾಟಿಸುವ ಮುಂಚೆ ಒಟ್ಟು ಬಲ ಎಷ್ಟು, ದಾಟಿದ ಮೇಲೆ ಎಷ್ಟು ಅಂತ ನಾನು ಪ್ರತಿ ಸಲ ನೋಡುತ್ತಿದ್ದೆ. ಎರಡೂ ತಾಳೆಯಾಗುತ್ತಿದ್ದವು. ತಪ್ಪು ಹುಟ್ಟಿದ್ದೇ ದಾಟುವುದಕ್ಕಿಂತ ಮುಂಚೆ, ಹಾಗಾಗಿ ತಪ್ಪು ಸಂಖ್ಯೆಯೇ ನಿಷ್ಠೆಯಿಂದ ದಾಟುತ್ತಿತ್ತು. ಟಾರ್ಕ್ (ಮೋಟಾರಿನ ತಿರುಗಿಸುವ ಬಲ) ನೋಡಿದ್ದರೆ ಅರ್ಧ ನಿಮಿಷದಲ್ಲಿ ಸಿಗುತ್ತಿತ್ತು. ಬೆಂಚಿನಲ್ಲಿ ಟಾರ್ಕ್ 8 ನ್ಯೂಟನ್ ಮೀಟರ್, ನನ್ನ ಮಾಡೆಲ್‌ನಲ್ಲಿ 200. ಟಾರ್ಕ್ ಲೆಕ್ಕ ಬೇರೆ ಸಹೋದ್ಯೋಗಿ ಹಿಂದೆಯೇ ಮುಗಿಸಿದ್ದರು, ಅದು ಸರಿ ಇದೆ ಅಂತ ನಾನು ಆ ಖಾನೆಯನ್ನು ತೆರೆದೇ ಇರಲಿಲ್ಲ. ದಯವಿಟ್ಟು ಇದೊಂದನ್ನು ಮಾಡಿ: ಕಂಪನದ ಲೆಕ್ಕಕ್ಕೆ ಬಲ ಕೊಡುವ ಅದೇ ಮಾಡೆಲ್‌ನಿಂದ ಟಾರ್ಕ್ ತೆಗೆದು, ಬೆಂಚಿನ ಅಳತೆಯ ಪಕ್ಕ ಇಟ್ಟು ನೋಡಿ. ಅದು ಒಪ್ಪುವವರೆಗೆ ಮುಂದಕ್ಕೆ ಹೋಗಬೇಡಿ.

ಬಲ ಸರಿಯಾದ ಮೇಲೂ ಒಂದು ಮುಳ್ಳು ಉಳಿದಿತ್ತು. ಬೆಂಚಿನಲ್ಲಿ ಹೌಸಿಂಗ್ ಸುತ್ತ ಎಲ್ಲಿ ಸೆನ್ಸರ್ ಅಂಟಿಸಿದರೂ ಹೆಚ್ಚುಕಡಿಮೆ ಒಂದೇ ಕಂಪನ. ನನ್ನ ಮಾಡೆಲ್‌ನಲ್ಲಿ ಒಂದು ಕಡೆ ಜೋರು, ಅಲ್ಲಿಂದ 45 ಡಿಗ್ರಿ ಸರಿದರೆ ಏನೂ ಇಲ್ಲ. ಅನಿಮೇಶನ್ ಹಾಕಿ ನಿಧಾನಕ್ಕೆ ನೋಡಿದೆ. ಮೊಟ್ಟೆ ಸುತ್ತುತ್ತಿರಲಿಲ್ಲ. ಅಡ್ಡ ಉಬ್ಬುತ್ತಿತ್ತು, ಉದ್ದ ಉಬ್ಬುತ್ತಿತ್ತು, ಮತ್ತೆ ಅಡ್ಡ. ನಿಂತಲ್ಲೇ ಉಸಿರಾಡಿದ ಹಾಗೆ. ನಾಲ್ಕು ಜಾಗ ಮಾತ್ರ ಕದಲದೆ ಮೊಳೆ ಹೊಡೆದಂತೆ ನಿಂತಿದ್ದವು. ಎಫ್‌ಎಫ್‌ಟಿ ಪ್ರತಿ ಹಲ್ಲಿನ ಬಲಕ್ಕೆ ಎರಡು ಸಂಖ್ಯೆ ಕೊಡುತ್ತದೆ, ರಿಯಲ್ ಮತ್ತು ಇಮ್ಯಾಜಿನರಿ. ಯಾವ ಹಲ್ಲಿಗೆ ಮೊದಲು, ಯಾವುದಕ್ಕೆ ಆಮೇಲೆ ಅನ್ನುವ ಕ್ರಮ ಇರುವುದು ಅವೆರಡೂ ಜೊತೆಗಿದ್ದಾಗ. ಟೇಬಲ್ ಇಂಪೋರ್ಟ್ ಮಾಡುವಾಗ ನಾನು ಮೊದಲ ಕಾಲಂ ಮಾತ್ರ ಆರಿಸಿದ್ದೆ. ಎರಡನೇ ಕಾಲಂ ಸೇರಿಸಿ ಓಡಿಸಿದಾಗ ಪರದೆಯ ಮೇಲೆ ಮೊಟ್ಟೆ ತಿರುಗತೊಡಗಿತು. ಹತ್ತು ನಿಮಿಷ ಸುಮ್ನೆ ಅದನ್ನೇ ನೋಡುತ್ತಾ ಕೂತಿದ್ದೆ. ಅಷ್ಟು ಖುಷಿ.

ದೀಪಾವಳಿ ಕಳೆದ ಮೇಲೆ ಟ್ಯಾಪ್ ಟೆಸ್ಟ್ ಮಾಡಿಸಿದೆವು. ಹೌಸಿಂಗ್ ಸಮೇತ ಸ್ಟೇಟರನ್ನು ರಬ್ಬರ್ ಹಗ್ಗದಲ್ಲಿ ತೂಗುಹಾಕಿ, ಬಲ ಅಳೆಯುವ ಸಣ್ಣ ಸುತ್ತಿಗೆಯಿಂದ ತಟ್ಟುವುದು. ದಿನಕ್ಕೆ 12 ಸಾವಿರ ರೂಪಾಯಿ, ಅದಕ್ಕಿಂತ ಸಾರ್ಥಕವಾದ ಖರ್ಚು ಈ ಕೆಲಸದಲ್ಲಿ ಇನ್ನೊಂದಿಲ್ಲ. ಮೊಟ್ಟೆಯಾಕಾರದ ಮೋಡ್ 896 ಹರ್ಟ್ಜ್‌ನಲ್ಲಿ ಸಿಕ್ಕಿತು, ನನ್ನದು 915. ಡ್ಯಾಂಪಿಂಗ್ (ಕಂಪನವನ್ನು ತಗ್ಗಿಸುವ ಗುಣ) ವಿಷಯದಲ್ಲಿ ಮಾತ್ರ ನಾನು ದೂರ ಇದ್ದೆ. ಬರೀ ಉಕ್ಕಿಗೆ ಹಾಕುವ ಹಾಗೆ 0.5 ಪರ್ಸೆಂಟ್ ಹಾಕಿದ್ದೆ, ಅಳತೆ 3 ಪರ್ಸೆಂಟ್ ಅಂದಿತು. ವಾರ್ನಿಶ್ ಹಾಕಿದ ವೈಂಡಿಂಗ್, ಒತ್ತಿ ಕೂರಿಸಿದ ಹೌಸಿಂಗ್ ಎಲ್ಲವೂ ಕಂಪನವನ್ನು ನುಂಗುತ್ತವೆ. ಅನುರಣನದಲ್ಲಿ ಕಂಪನದ ಎತ್ತರವನ್ನು ತೀರ್ಮಾನಿಸುವುದೇ ಈ ಒಂದು ಸಂಖ್ಯೆ. ಅದನ್ನು ಪುಸ್ತಕದಿಂದ ತೆಗೆಯಬೇಡಿ, ಅಳೆಯಿರಿ. ಆರು ಪಟ್ಟು ಡ್ಯಾಂಪಿಂಗ್ ಹಾಕಿದ ಮೇಲೆ 48 ಮೈಕ್ರಾನ್ 8ಕ್ಕೆ ಇಳಿಯಿತು. ಬೆಂಚಿನ ಸೆನ್ಸರ್ ತೋರಿಸುತ್ತಿದ್ದ ಸುಮಾರು 20 ಜಿ ವೇಗೋತ್ಕರ್ಷವನ್ನು 900 ಹರ್ಟ್ಜ್‌ನಲ್ಲಿ ದೂರಕ್ಕೆ ತಿರುಗಿಸಿದರೆ 6 ಮೈಕ್ರಾನ್. 8 ಮತ್ತು 6. ಎರಡು ತಿಂಗಳ ಹಿಂದೆ 1,200 ಅಂದಿದ್ದ ಮಾಡೆಲ್ ಇದು.

ಆಮೇಲಿನದು ಸರಸರ ಆಯಿತು. ಯೋಕನ್ನು 8ರಿಂದ 10 ಮಿ.ಮೀ.ಗೆ ಹೆಚ್ಚಿಸಿದರೆ ಮೋಡ್ 1,190ಕ್ಕೆ ಏರುತ್ತದೆ ಅಂತ ಮಾಡೆಲ್ ಹೇಳಿತು. ಮೋಟಾರ್ ಗರಿಷ್ಠ ಓಡುವುದು 6,000 ಆರ್‌ಪಿಎಂ, ಆಗ ಬಲದ ಆವರ್ತನ 1,000. ತಲುಪುವುದೇ ಇಲ್ಲ. ಹೊರವ್ಯಾಸ 128ರಿಂದ 132 ಆಗುತ್ತದೆ, ಹೌಸಿಂಗ್‌ನಲ್ಲಿ ಅಷ್ಟು ಬೋರ್ ಮಾಡಲು ಲೋಹ ಇತ್ತು. ಹೊಸ ಡೈ (ತಗಡು ಕತ್ತರಿಸುವ ಅಚ್ಚು) ಮಾಡಿಸುವುದು ದುಬಾರಿ, ಹಾಗಾಗಿ ಮೊದಲು ಒಂದೇ ಮೋಟಾರಿಗೆ ಆಗುವಷ್ಟು ತಗಡುಗಳನ್ನು ಲೇಸರ್‌ನಲ್ಲಿ ಕತ್ತರಿಸಿ ಜೋಡಿಸಿದೆವು.

ಮೊನ್ನೆ ಗುರುವಾರ ಅದನ್ನು ಬೆಂಚಿಗೆ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಕೈ ತಣ್ಣಗಾಗಿತ್ತು. 5,000. 5,200. 5,400ರಲ್ಲಿ ಟೆಕ್ನಿಶಿಯನ್ ವೇಗವನ್ನು ಹಾಗೇ ನಿಲ್ಲಿಸಿದರು. ಅದೇ ಹಳೆಯ ಸ್ಕ್ರೂಡ್ರೈವರ್ ತೆಗೆದು ಹೌಸಿಂಗ್‌ಗೆ ಒತ್ತಿ, ಕಿವಿಗೆ ಹಚ್ಚಿ, ಕಣ್ಣು ಮುಚ್ಚಿದರು. ಏನೂ ಹೇಳಲಿಲ್ಲ. ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟು, "ನೀವೇ ಕೇಳಿ ಮೇಡಂ" ಅಂದರು.

ಬೇರಿಂಗ್‌ನ ಸಣ್ಣ ಸರಸರ ಮಾತ್ರ ಕೇಳಿಸುತ್ತಿತ್ತು.